ಅರ್ಧ ಎಂಎಲ್

ಓವರ್‌ಹೆಡ್ ಟ್ಯಾಂಕಿನ ಹೊಟ್ಟೆಗೆ ಜೋತುಬಿದ್ದಿದ್ದ ಹೆಜ್ಜೇನು
ಬ್ಲೀಚಿಂಗ್ ಪೌಡರಿನ ಘಾಟಿಗೋ ಏಣಿಯ ಸದ್ದಿಗೋ ಎದ್ದು,
ನೀರುಗಂಟಿ ಗಂಗುಲಪ್ಪನನ್ನು
ಟಿವಿಎಸ್ ಮೇಲೆ ಇಬ್ಬರ ನಡುವೆ ಸಿಕ್ಕಿಸಿಕೊಂಡು
ಬಟ್ಲಹಳ್ಳಿ ಆಸ್ಪತ್ರೆಗೆ ತಂದಾಗ
ಡಾಕ್ಟರು ಚಿಂತಾಮಣಿಯಲ್ಲಿ, ಮೀಟಿಂಗು.
ಇದ್ದದ್ದು ನಾನು, ಫಾರ್ಮಸಿಯ ಪದ್ಮರಾಜು, ಒಂದು ಫ್ಯಾನು.

ತುಟಿ ಇಡ್ಲಿಯ ಹಾಗೆ. ಕಣ್ಣಿದ್ದ ಕಡೆ ಎರಡು ಗೀರು.
ಪಂಚಾಯ್ತಿಯ ಲೆಕ್ಕವನ್ನೆಲ್ಲ ದುಂಡು ಕನ್ನಡದಲ್ಲಿ ಬರೆಯುವವನು
ಇದೊಂದನ್ನು ಅಮ್ಮನ ಮಾತಿನಲ್ಲೇ ಹೇಳಿದ:
"ಊಪಿರಾಡ್ಲೇದಮ್ಮಾ."
ಉಸಿರು, ಅಷ್ಟೆ. ಉಳಿದದ್ದು ಸಿಳ್ಳೆ.

ನಿಲ್ಲಿಸಬೇಡಿ, ಮಲಗಿಸಿ, ಕಾಲೆತ್ತಿ.
ಆಂಪೂಲಿನ ಕತ್ತು ಮುರಿದೆ.
ಅರ್ಧ ಎಂಎಲ್. ತೊಡೆಯ ಹೊರಮಗ್ಗುಲಿಗೆ,
ಖಾಕಿ ಪ್ಯಾಂಟಿನ ಮೇಲಿಂದಲೇ.

"ವಿಷ ಇಳೀತದಾ ಸಿಸ್ಟರ್?" ಅವನ ಹೆಂಡತಿ ಅಕ್ಕಯಮ್ಮ.
ಇಲ್ಲಮ್ಮ, ವಿಷದ ತಂಟೆಗೇ ಹೋಗಲ್ಲ ಇದು.
ನಿನ್ನ ಗಂಡ ದಿನಾ ಮಾಡೋ ಕೆಲಸ ಮಾಡುತ್ತೆ.
ಊರಿನ ನಲ್ಲಿಗಳೆಲ್ಲ ಒಂದೇ ಸಲ ಬಿಚ್ಚಿಕೊಂಡಿವೆ ಅಂದುಕೋ,
ಪೈಪೆಲ್ಲ ಸಡಿಲ, ಸಂದುಸಂದಿನಲ್ಲಿ ಸೋರಿಕೆ,
ಮೇಲಿನ ಬೀದಿಗೆ ತೊಟ್ಟೂ ಹತ್ತುತ್ತಿಲ್ಲ.
ಇದು ಬೀದಿಬೀದಿ ಓಡಿ ವಾಲ್ವು ತಿರುಗಿಸುತ್ತೆ,
ಎದೆಯ ಮೋಟಾರನ್ನು ಜೋರು ಮಾಡುತ್ತೆ,
ಹಿಸುಕಿಕೊಂಡ ಗಾಳಿದಾರಿಯನ್ನು ಬಿಡಿಸುತ್ತೆ.
ಪರಸ್ಥಳದ ಮದ್ದೂ ಅಲ್ಲ.
ನಾಯಿ ಅಟ್ಟಿಸಿಕೊಂಡು ಬಂದಾಗ ನಿನ್ನ ಕಾಲಿಗೆ
ಓಡು ಅಂದದ್ದು ಯಾವುದೋ, ಅದೇ.
ಕಿಡ್ನಿಯ ನೆತ್ತಿಯ ಮೇಲೆ ಕೂತ ಚೂರು ಗ್ರಂಥಿ
ಇವತ್ತು ಕೈ ಸೋತಿತು; ಸೀಸೆಯಿಂದ ಕೈಗಡ.

ಇಷ್ಟೆಲ್ಲ ಹೇಳಲಿಲ್ಲ ನಾನು.
ಗೋಡೆಯ ಗಡಿಯಾರ ನೋಡುತ್ತಿದ್ದೆ.
"ಕೂತ್ಕೋ ತಾಯಿ" ಅಂದಿರಬೇಕು.

ಐದು ನಿಮಿಷ. ನಾಡಿ ಇನ್ನೂ ದಾರದೆಳೆ.
ಮತ್ತರ್ಧ, ಇನ್ನೊಂದು ತೊಡೆಗೆ. ಸಲೈನು ಧಾರೆಯಾಗಿ.
ಆಮೇಲೆ ಸಿಳ್ಳೆ ತಗ್ಗಿತು, ತುಟಿಗೆ ಬಣ್ಣ ಬಂತು,
ಕೈ ಗಡಗಡ ನಡುಗಿತು.
"ಯಾಕೋ ಭಯ" ಅಂದ.
ಭಯವಲ್ಲ ಗಂಗುಲಪ್ಪ, ಅದು ಔಷಧ.
ಎರಡಕ್ಕೂ ಹಾಕುವ ಅಂಗಿ ಒಂದೇ.

ಅರ್ಧ ಗಂಟೆಗೆಲ್ಲ ಎದ್ದು ಕೂತ:
"ನಾಲ್ಕಕ್ಕೆ ಕೆಳಗಿನ ಬೀದಿ ಪಾಳಿ, ಬಿಡಿ."
ಬಿಡಲಿಲ್ಲ.
ವಾಲ್ವು ತಿರುಗಿಸಿದವನು ಕಾಲು ಗಂಟೆಯಲ್ಲಿ ಮನೆಗೆ ಹೋಗಿಬಿಡುತ್ತಾನೆ;
ಹೆಜ್ಜೇನಿನ ಕೋಪ ಮೈಯೊಳಗೆ ಇನ್ನೂ ತಿರುಗಾಡುತ್ತಿರುತ್ತೆ,
ಊರು ಮಲಗಿದ ಮೇಲೆ ಒಮ್ಮೊಮ್ಮೆ ಮತ್ತೆ ಬಾಗಿಲು ಬಡಿಯುತ್ತೆ.
ಒಂದು ರಾತ್ರಿ ಕಾಯಬೇಕು. ಕಾಯುವುದು
ಯಾವ ಆಂಪೂಲಿನಲ್ಲೂ ಬರುವುದಿಲ್ಲ.

ಹೋದ ಮಾಘದಲ್ಲಿ ಕಂಡಕ್ಟರ್ ಇನಾಯತುಲ್ಲಾ.
ಪ್ಯಾಸೆಂಜರು ಸಮೇತ ಬಸ್ಸೇ ಅಂಗಳಕ್ಕೆ ಬಂದಿತ್ತು.
ಎದೆ ನಿಂತು ಎಷ್ಟು ಸ್ಟಾಪು ಆಗಿತ್ತೋ.
ಟಿಕೆಟ್ಟಿನ ಚೀಲ ಬಿಚ್ಚಿ ಒತ್ತಿದೆವು, ಒತ್ತಿದೆವು,
ನರಕ್ಕೆ ಒಂದು ಪೂರ್ತಿ ಎಂಎಲ್, ನಾಲ್ಕು ನಿಮಿಷಕ್ಕೆ ಮತ್ತೊಂದು,
ಐದನೆಯದಕ್ಕೆ ಎದೆ ಹೊಡೆದುಕೊಂಡಿತು.
ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು.
ಹೃದಯ ಬಂತು. ಇನಾಯತುಲ್ಲಾ ಬರಲಿಲ್ಲ.
ಕೋಲಾರದ ಐಸಿಯುವಿನಲ್ಲಿ ಒಂಬತ್ತು ದಿನ
ಯಾರೂ ಇಲ್ಲದ ಮನೆಯಲ್ಲಿ ಮೋಟಾರು ಓಡಿದ ಹಾಗೆ.
ಅದೇ ಪೆಟ್ಟಿಗೆ, ಅದೇ ಬ್ಯಾಚು.
ಅದೇ ಕೈ.

ಸಂಜೆ ಸ್ಟಾಕ್ ಪುಸ್ತಕ ಬರೆದೆ:
ಬಳಸಿದ್ದು ಎರಡು. ಉಳಿದದ್ದು ಏಳು.
ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದೆ;
ಒಂದಕ್ಕೆ ನಸುಗೆಂಪು ಹತ್ತಿತ್ತು, ಬಿಸಾಡಿದೆ. ಆರು.

ಕೆಳಗಿನ ಬೀದಿಗೆ ನೀರು ಬಂತಂತೆ, ಸ್ವಲ್ಪ ತಡ.
ವಾಲ್ವಿನ ಉದ್ದ ಕೀಲಿ ಹೆಗಲ ಮೇಲಿಟ್ಟು
ಅಕ್ಕಯಮ್ಮನೇ ಹೋಗಿದ್ದಳಂತೆ,
ಟ್ಯಾಂಕಿನ ಕಡೆ ತಲೆಯೆತ್ತದೆ.